ಗಿರಗಿಟ್ಲೆ ನಿಂತಾಗ

ನಮ್ಮ ಕಡೆ ಯಾರಿಗಾದರೂ ಫಿಟ್ಸ್ ಬಂತು ಅಂದ್ರೆ ಮೊದಲು ಹುಡುಕೋದು ಬೀಗದ ಕೈ. ಕಬ್ಬಿಣದ್ದಾದರೆ ಇನ್ನೂ ಒಳ್ಳೇದು. ಅದು ಸಿಗದಿದ್ದರೆ ಕುಡುಗೋಲು, ಅದೂ ಇಲ್ಲದಿದ್ದರೆ ಕಾಲಲ್ಲಿರುವ ಚಪ್ಪಲಿಯನ್ನೇ ಬಿಚ್ಚಿ ಮೂಗಿಗೆ ಹಿಡಿಯೋದು. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಹೀಗೇ ಒಬ್ಬ ಹುಡುಗ ಬಿದ್ದು ಒದ್ದಾಡುತ್ತಿದ್ದಾಗ ಸುತ್ತ ನಿಂತವರೆಲ್ಲ ತಮ್ಮ ತಮ್ಮ ಬೈಕಿನ ಕೀ ತೆಗೆದು ಕೊಟ್ಟಿದ್ದರು. ಒಂದೆರಡು ನಿಮಿಷಕ್ಕೆ ಫಿಟ್ಸ್ ತಾನಾಗಿಯೇ ನಿಂತಿತು. ಹೆಚ್ಚಿನ ಸಲ ಹಾಗೇ ನಿಲ್ಲುತ್ತೆ. ಆದರೆ ಹೆಸರು ಬಂದದ್ದು ಬೀಗದ ಕೈಗೆ. ಮಾಡಬೇಕಾದ್ದು ಇಷ್ಟೇ: ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ತಲೆಗೆ ಪೆಟ್ಟಾಗದ ಹಾಗೆ ಏನಾದರೂ ಮೆತ್ತಗಿನದು ಕೊಡಬೇಕು, ಬಾಯಿಗೆ ಏನೂ ತುರುಕಬಾರದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಬೇಕು. ಇದನ್ನು ನಾನು ತರಗತಿಯಲ್ಲಿ ಹದಿನೈದು ವರ್ಷದಿಂದ ಹೇಳುತ್ತಾ ಬಂದಿದ್ದೀನಿ. ವಿಜ್ಞಾನದ ಟೀಚರ್ ಅಲ್ವಾ!

ಅದೇ ವಿಜ್ಞಾನದ ಟೀಚರ್, ನನ್ನ ತಂಗಿಯ ಮಗನ ಕೆನ್ನೆಗೆ ಹೊಡೆದೆ. ಈ ಸಲ ಬರೆಯಬೇಕಾದ್ದು ಅದನ್ನೇ.

ಅವನಿಗೆ ಏಳು ವರ್ಷ, ಎರಡನೇ ಕ್ಲಾಸು. ಸಂಜೆ ನಮ್ಮ ಮನೆಗೆ ಓದೋಕೆ ಬರ್ತಾನೆ. ತಂಗಿ ಮನೆ ಎರಡು ಬೀದಿ ಆಚೆ. ಅವಳ ಗಂಡ ಶೇಂಗಾ ಮಂಡಿಯಲ್ಲಿ ಲೆಕ್ಕ ಬರೀತಾರೆ. ಶಾಲೆಯಿಂದ ಆಗಲೇ ಎರಡು ಸಲ ದೂರು ಬಂದಿತ್ತು: "ನಿಮ್ಮ ಹುಡುಗನಿಗೆ ಲಕ್ಷ್ಯ ಇಲ್ಲ, ಎಲ್ಲೋ ನೋಡ್ತಾ ಕೂತಿರ್ತಾನೆ." ಅವತ್ತು ಮಗ್ಗಿ ಹೇಳಿಸುತ್ತಿದ್ದೆ. ಮೂರಾರ್ಲಿ ಹದಿನೆಂಟು ಅಂದ. ಮೂರೇಳ್ಲಿ... ಅಂದವನು ಅಲ್ಲೇ ನಿಂತ. ಕಣ್ಣು ಗೋಡೆಯ ಕ್ಯಾಲೆಂಡರ್ ಕಡೆ. ರೆಪ್ಪೆ ಸಣ್ಣಗೆ ಅದುರುತ್ತಿತ್ತು. "ಹೇಳೋ" ಅಂದೆ. ಇಲ್ಲ. "ಏಯ್" ಅಂದೆ. ಇಲ್ಲ. ಕೈ ಬೀಸಿಯೇ ಬಿಟ್ಟೆ. ಹೊಡೆತ ಬಿದ್ದ ಮೇಲೂ ಒಂದು ಕ್ಷಣ ಹಾಗೇ ಇದ್ದ. ಆಮೇಲೆ "ಇಪ್ಪತ್ತೊಂದು" ಅಂದ, ಏನೂ ಆಗಿಲ್ಲದವನ ಹಾಗೆ. ಅಂದ ಮೇಲೆ ಕೆನ್ನೆ ಮುಟ್ಟಿಕೊಂಡು ನನ್ನನ್ನು ನೋಡಿದ. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ನೋಟ ನನಗೆ ಗೊತ್ತು. ಅದು ಆ ನೋಟ ಅಲ್ಲ. ಯಾರು ಯಾವಾಗ ಹೊಡೆದರು ಅಂತಲೇ ಗೊತ್ತಿಲ್ಲದವನ ನೋಟ. ಯಾಕೆಂದರೆ ಹೊಡೆತ ಬಿದ್ದಾಗ ಅವನು ಅಲ್ಲಿ ಇರಲೇ ಇಲ್ಲ.

ಅದು ನನಗೆ ಹೊಳೆದದ್ದು ಬಹಳ ತಡವಾಗಿ. ಅದಕ್ಕೆ ಮುಂಚೆ ಸೈಕಲ್ಲಿನದಾಯ್ತು. ಹೊಸದಾಗಿ ಸೈಕಲ್ ಕಲೀತಿದ್ದವನು ಬೀದಿಯ ತಿರುವಿನಲ್ಲಿ ತಿರುಗಲೇ ಇಲ್ಲ. ನೇರ ಹೋಗಿ ಮೂಟೆ ತುಂಬಿ ನಿಂತಿದ್ದ ಗಾಡಿಗೆ ಗುದ್ದಿದ. ಗದ್ದಕ್ಕೆ ಎರಡು ಹೊಲಿಗೆ. ಹೊಲಿಗೆ ಹಾಕಿದ ಡಾಕ್ಟರು, "ಯಾಕೋ ಮರಿ, ತಿರುವು ಕಾಣ್ಲಿಲ್ವಾ?" ಅಂತ ಸುಮ್ಮನೆ ಕೇಳಿದರು. ಇವನು, "ತಿರುವು ಬರ್ಲೇ ಇಲ್ಲ ಡಾಕ್ಟ್ರೇ" ಅಂದ. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಸೂಜಿ ಕೆಳಗಿಟ್ಟು, "ಆಗಾಗ ಹೀಗೆ ಸುಮ್ಮನಾಗ್ತಾನಾ?" ಅಂತ ತಂಗಿಯನ್ನು ಕೇಳಿದರು. ಇಇಜಿ ಮಾಡಿಸಿ ಅಂತ ಬರೆದುಕೊಟ್ಟರು.

ಇಇಜಿ ಅಂದ್ರೆ ಎದೆಗೆ ಇಸಿಜಿ ಇದ್ದ ಹಾಗೆ ತಲೆಗೆ. ತಲೆಯ ಮೇಲೆ ಅಳತೆ ಪ್ರಕಾರ ಇಪ್ಪತ್ತೊಂದು ಕಡೆ ಪೇಸ್ಟ್ ಹಚ್ಚಿ ಸಣ್ಣ ಸಣ್ಣ ಬಿಲ್ಲೆ ಅಂಟಿಸುತ್ತಾರೆ. ಮಿದುಳಿನ ಜೀವಕೋಶಗಳ ವಿದ್ಯುತ್ತು ಎಷ್ಟು ಸಣ್ಣದು ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವು ಭಾಗ. ಅದನ್ನು ಹಿಗ್ಗಿಸಿ ಗೆರೆಗಳಾಗಿ ತೋರಿಸುತ್ತದೆ ಯಂತ್ರ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ತಲೆಯಿಂದ ಮೊದಲು ಹಿಡಿದ ಈ ಗೆರೆಗಳನ್ನು 1929ರಲ್ಲಿ ಪ್ರಕಟಿಸಿದರು. ತಮ್ಮ ಮಗನನ್ನೇ ಎಷ್ಟೋ ಸಲ ಕೂರಿಸಿಕೊಂಡು ಪರೀಕ್ಷೆ ಮಾಡಿದ್ದರಂತೆ. ಆ ಹುಡುಗ ಎಷ್ಟು ಬೈದುಕೊಂಡಿದ್ದನೋ.

ನಮ್ಮ ಹುಡುಗನಂತೂ ಬೈಯಲಿಲ್ಲ, ಚೀರಿದ. ಅದು ಯಾವ ಊರಿನ ಯಾವ ಸೆಂಟರ್ ಅಂತ ಬರೆಯೋದಿಲ್ಲ. ಹೊರಗೆ ಇನ್ನೂ ಆರು ಜನ ಕಾಯ್ತಿದ್ದರು, ಕರೆಂಟ್ ಒಂದು ಸಲ ಹೋಗಿ ಬಂತು, ಅಂಟಿಸಿದ ಬಿಲ್ಲೆಗಳನ್ನೆಲ್ಲ ಇವನು ಕೀಳುತ್ತಿದ್ದ. ಪಾಪ, ಟೆಕ್ನಿಷಿಯನ್ ಹೆಣ್ಣುಮಗಳೂ ಸುಸ್ತಾಗಿದ್ದಳು. ಮಲಗಿಸಲಿಲ್ಲ, ಉಸಿರು ಊದಿಸಲಿಲ್ಲ, ಸ್ವಲ್ಪ ಹೊತ್ತಿಗೇ ಮುಗಿಯಿತು. ರಿಪೋರ್ಟಿನಲ್ಲಿ ನಾರ್ಮಲ್ ಅಂತ ಬಂತು. ಅಮ್ಮ ಅದೇ ವಾರ ನಾಯಕನಹಟ್ಟಿಗೆ ಹೋಗಿ ತಿಪ್ಪೇರುದ್ರಸ್ವಾಮಿಗೆ ಕಾಯಿ ಒಡೆಸಿಕೊಂಡು ಬಂದಳು. ನಾವು ಆರು ತಿಂಗಳು ನೆಮ್ಮದಿಯಾಗಿದ್ದೆವು. ಆ ಆರು ತಿಂಗಳು ಅವನು ದಿನಕ್ಕೆ ಎಷ್ಟು ಸಲ ಇಲ್ಲವಾಗಿ ಹೋಗುತ್ತಿದ್ದನೋ, ಲೆಕ್ಕ ಇಟ್ಟವರಿಲ್ಲ.

ಈ ನಡುವೆ ನನಗೆ ಕುದಾಪುರದಲ್ಲಿ ವಸತಿ ತರಬೇತಿ ಬಿತ್ತು. ಗೊತ್ತಿಲ್ಲದವರಿಗೆ ಹೇಳ್ತೀನಿ: ಚಳ್ಳಕೆರೆಯಿಂದ ನಾಯಕನಹಟ್ಟಿ ಕಡೆಗೆ ಇರುವ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ, 1500 ಎಕರೆ. ವಿಜ್ಞಾನ, ಗಣಿತದ ಮೇಷ್ಟ್ರುಗಳಿಗೆ ಅಲ್ಲಿ ತರಬೇತಿ ಕೊಡ್ತಾರೆ. ಅದರ ಆಸುಪಾಸಿನಲ್ಲೇ ರಕ್ಷಣಾ ಇಲಾಖೆಯವರ ವಿಮಾನ ಪರೀಕ್ಷಾ ನೆಲೆ, ಇಸ್ರೊದವರ ಜಾಗ, ಅಣುಶಕ್ತಿಯವರ ಜಾಗ. ಹಿಂದೆ ಇದೆಲ್ಲ ಅಮೃತಮಹಲ್ ಕಾವಲು. ದನ, ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಬೇಲಿ ಬಿದ್ದಾಗ ಕುರಿಯವರು ಪಟ್ಟ ಪಾಡು, ಹಸಿರು ಪೀಠದವರೆಗೆ ಹೋದ ಜಗಳ ಅದೇ ಒಂದು ಅಂಕಣವಾಗುತ್ತೆ, ಇವತ್ತು ಬೇಡ. ಬೇಲಿಯ ಒಳಗೆ ಹೋದವರಿಗೆ ಲ್ಯಾಬು ಮಾತ್ರ ಚೆನ್ನಾಗಿದೆ ಅನ್ನಿಸುತ್ತೆ, ಸುಳ್ಳು ಹೇಳಬಾರದು. ನಾನಂತೂ ಹತ್ತು ವರ್ಷದಿಂದ ಚಿತ್ರ ಬರೆದು ತೋರಿಸುತ್ತಿದ್ದ ಪ್ರಯೋಗಗಳನ್ನು ಅಲ್ಲೇ ಮೊದಲು ಕೈಯಾರೆ ಮಾಡಿದ್ದು.

ಅಲ್ಲಿ ಊಟದ ಹೊತ್ತಿನಲ್ಲಿ ಯಾರೋ ಹೇಳಿದರು: ಬೆಂಗಳೂರಿನ ಕ್ಯಾಂಪಸ್ಸಿನಲ್ಲಿ ಇಇಜಿ ಓದುವ ಕಂಪ್ಯೂಟರ್ ವಿಧಾನ ಮಾಡಿದ್ದಾರೆ ಅಂತ. ಕೈಯಲ್ಲಿದ್ದ ಮುದ್ದೆ ತುತ್ತು ಹಾಗೇ ನಿಂತಿತು. "ಹಂಗಾದ್ರೆ ನಮ್ಮ ಹುಡುಗನ್ನ ಇಲ್ಲಿಗೇ ಕರ್ಕೊಂಡು ಬರಬಹುದಾ?" ಅಂತ ಕೇಳಿದೆ. ಎಲ್ಲರೂ ನಕ್ಕರು. ನ್ಯಾಯವೇ. ಇದು ಆಸ್ಪತ್ರೆ ಅಲ್ಲ, ಆ ಕೆಲಸ ಈ ಕ್ಯಾಂಪಸ್ಸಿನದೂ ಅಲ್ಲ. ಆದರೂ ರಾತ್ರಿ ಹಾಸ್ಟೆಲ್ಲಿನಲ್ಲಿ ಮೊಬೈಲ್ ಹಿಡಿದು ಕೂತು ಹುಡುಕಿ ಓದಿದೆ.

ವಿಜ್ಞಾನ ಸಂಸ್ಥೆಯ ಎಲೆಕ್ಟ್ರಾನಿಕ್ ಸಿಸ್ಟಮ್ಸ್ ವಿಭಾಗದ ಹಾರ್ದಿಕ್ ಪಂಡ್ಯ ಅವರ ತಂಡ (ಕ್ರಿಕೆಟ್ಟಿನವರಲ್ಲ, ನನಗೂ ಮೊದಲು ಹಾಗೇ ಅನ್ನಿಸಿತ್ತು) ಋಷಿಕೇಶದ ಏಮ್ಸ್ ಆಸ್ಪತ್ರೆಯ ಡಾಕ್ಟರುಗಳ ಜೊತೆ ಸೇರಿ ಮಾಡಿದ ಕೆಲಸ ಅದು. 2022ರ ಆರಂಭದಲ್ಲಿ ಸುದ್ದಿಯಾಗಿತ್ತು. ಋಷಿಕೇಶದಲ್ಲಿ 88 ಜನರ ಇಇಜಿ ತೆಗೆದರು. ಒಬ್ಬೊಬ್ಬರಿಗೆ 45 ನಿಮಿಷ: ಮೊದಲ ಹತ್ತು ನಿಮಿಷ ಎಚ್ಚರದಲ್ಲಿ, ಅದರಲ್ಲೇ ಕಣ್ಣಿಗೆ ಬೆಳಕು ಮಿನುಗಿಸೋದು, ಜೋರಾಗಿ ಉಸಿರಾಡಿಸೋದು, ಉಳಿದ 35 ನಿಮಿಷ ನಿದ್ದೆಯಲ್ಲಿ. ಫಿಟ್ಸ್ ಇರುವವರ ಮಿದುಳು ಫಿಟ್ಸ್ ಬಾರದ ಹೊತ್ತಿನಲ್ಲೂ ಆಗಾಗ ಚೂಪಾದ ಅಲೆಯೊಂದನ್ನು ಚಿಮ್ಮಿಸುತ್ತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ಮೊನೆ. ಅಂಥವು ಎಷ್ಟು ಬಂದವು, ಎಲ್ಲಿ ಬಂದವು ಅಂತ ಕಂಪ್ಯೂಟರ್ ಎಣಿಸಿ ಒಂದು ಲೆಕ್ಕಕ್ಕೆ ತರುತ್ತೆ. ಲೆಕ್ಕ ಜಾಸ್ತಿ ಆದಷ್ಟೂ ಮೂರ್ಛೆರೋಗದ ಸಂಭವ ಜಾಸ್ತಿ. ಡಾಕ್ಟರುಗಳಿಗೆ ಉತ್ತರ ಮೊದಲೇ ಗೊತ್ತಿದ್ದ ಬೇರೆ ರೋಗಿಗಳ ಇಇಜಿ ಕೊಟ್ಟು, ಉತ್ತರ ಬಚ್ಚಿಟ್ಟು ಕೇಳಿದಾಗ, ಸುಮಾರು 91% ಸರಿ ಹೇಳಿತಂತೆ.

ಇದನ್ನು ನಮ್ಮೂರ ಮಾತಲ್ಲಿ ಹೇಳೋದಾದ್ರೆ ಶೇಂಗಾ ಹಸನು ಮಾಡಿದ ಹಾಗೆ. ಕಾಳು, ಜಳ್ಳು, ಕಲ್ಲು ಎಲ್ಲ ಬೆರೆತ ರಾಶಿಯಲ್ಲಿ ಕಲ್ಲು ಹುಡುಕಬೇಕು. ಒಂದು ಗಂಟೆಯ ಇಇಜಿ ಅಂದರೆ ಪುಟಗಟ್ಟಲೆ ಗೆರೆ. ಕಣ್ಣು ಮಿಟುಕಿಸಿದರೂ ಗೆರೆ ಏಳುತ್ತೆ, ಹಲ್ಲು ಕಡಿದರೂ ಏಳುತ್ತೆ, ಒಂದು ವೈರು ಸಡಿಲವಾದರೂ ಏಳುತ್ತೆ. ಆರೋಗ್ಯವಂತರ ನಿದ್ದೆಯಲ್ಲೂ ಕಲ್ಲಿನ ಹಾಗೇ ಕಾಣುವ ಕಾಳುಗಳು ಬರುತ್ತವೆ. ನುರಿತ ನರರೋಗ ತಜ್ಞರು ಕಣ್ಣಾಡಿಸಿ ಬೇರೆ ಮಾಡ್ತಾರೆ. ಅಂಥವರು ಬೆಂಗಳೂರಲ್ಲಿ ಸಿಗ್ತಾರೆ, ಮೊಳಕಾಲ್ಮೂರಿನಲ್ಲಿ ಎಲ್ಲಿ ಸಿಗ್ತಾರೆ? ಹೀಗೆ ಕಲಿಸಿದ ಯಂತ್ರಗಳು ಬೇರೆ ದೇಶಗಳಲ್ಲೂ ಇವೆ. ಡೆನ್ಮಾರ್ಕ್, ನಾರ್ವೆಯವರು ಸೇರಿ ಮಾಡಿ 2023ರಲ್ಲಿ ಪ್ರಕಟಿಸಿದ ಒಂದಕ್ಕೆ, ತಜ್ಞರು ಗುರುತು ಹಾಕಿಕೊಟ್ಟ 30 ಸಾವಿರಕ್ಕೂ ಹೆಚ್ಚು ಇಇಜಿಗಳನ್ನು ತೋರಿಸಿ ಕಲಿಸಿದ್ದರು. ಕಲಿಯೋದು ಅಂದ್ರೆ ಇಲ್ಲಿ ಇದೇ: ಇದು ಕಲ್ಲು, ಇದು ಕಾಳು ಅಂತ ಸಾವಿರಾರು ಸಲ ತೋರಿಸೋದು. ಅದೂ ಒಂಥರಾ ಮಗ್ಗಿ. ಹೊಡೆಯೋ ಹಾಗಿಲ್ಲ ಅಷ್ಟೇ.

ಓದಿ ಮುಗಿಸಿದಾಗ ನನಗೆ ಅನ್ನಿಸಿದ್ದು ಯಂತ್ರದ ಬಗ್ಗೆ ಅಲ್ಲ. 45 ನಿಮಿಷ. ನಿದ್ದೆ. ಬೆಳಕು. ಉಸಿರು. ನಮ್ಮ ಹುಡುಗನಿಗೆ ಇದರಲ್ಲಿ ಒಂದನ್ನೂ ಮಾಡಿರಲಿಲ್ಲ. ಫೋನ್ ಮಾಡಿ ತಂಗಿಗೆ ಹೇಳಿದೆ. "ನಾರ್ಮಲ್ ಅಂತ ಬಂದಿದೆಯಲ್ಲಕ್ಕ, ಮತ್ತೆ ಯಾಕೆ ಕೆದಕ್ತೀಯ?" ಅಂದಳು. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಇತ್ತು. ಒಂದೇ ಒಂದು ಇಇಜಿ ನಾರ್ಮಲ್ ಬಂದರೆ ಮೂರ್ಛೆರೋಗ ಇಲ್ಲ ಅಂತ ಅರ್ಥ ಅಲ್ಲ, ಮೊದಲ ಸಲದ ಪರೀಕ್ಷೆಯಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಲ್ಲಿ ಏನೂ ಸಿಗೋದೇ ಇಲ್ಲ ಅಂತ ಅವಳಿಗೆ ಹೇಳಿದೆ. "ನೀನು ಡಾಕ್ಟರಾ?" ಅಂದಳು. ಅಲ್ಲ. ಅದಕ್ಕೇ ನಾಲ್ಕು ದಿನ ಬಾಯಿ ಮುಚ್ಚಿಕೊಂಡು, ಅವನು ಊಟಕ್ಕೆ ಕೂತಾಗ ಮೊಬೈಲಿನಲ್ಲಿ ವಿಡಿಯೊ ಮಾಡು ಅಂತಷ್ಟೇ ಹೇಳಿದೆ. ಮೂರನೇ ದಿನ ಹನ್ನೊಂದು ಸೆಕೆಂಡಿನ ವಿಡಿಯೊ ಕಳಿಸಿದಳು. ತುತ್ತು ಕೈಯಲ್ಲಿ, ಕೈ ಗಾಳಿಯಲ್ಲಿ, ಅಮ್ಮನ ದನಿ ಹಿಂದೆ, "ತಿನ್ನೋ, ಯಾವ ಲೋಕದಲ್ಲಿದ್ದೀಯ?" ಅಂತ. ವಿಡಿಯೊ ಜೊತೆ ಒಂದೇ ಸಾಲು: "ಅಕ್ಕ, ಬೆಂಗಳೂರಿಗೆ ಹೋಗೋಣ."

ಬೆಂಗಳೂರಿನ ಆ ಡಾಕ್ಟರು ವಿಡಿಯೊ ಎರಡು ಸಲ ನೋಡಿದರು. ಇಇಜಿ ಕೋಣೆಯಲ್ಲಿದ್ದ ಟೆಕ್ನಿಷಿಯನ್ ನಡುವಯಸ್ಸಿನ ಗಂಡಸು, ಮಕ್ಕಳನ್ನು ಹಿಡಿದು ರೂಢಿಯಿದ್ದವರು. ಬಿಲ್ಲೆ ಅಂಟಿಸುವಾಗ, "ನಿಂಗೀಗ ರಾಕೆಟ್ ಹೆಲ್ಮೆಟ್ಟು" ಅಂದರು. ನಮ್ಮ ಹುಡುಗ ಚಳ್ಳಕೆರೆಯವನು. ಇಸ್ರೊದವರು 2023ರಲ್ಲಿ ರೆಕ್ಕೆ ಇರೋ ರಾಕೆಟ್ ಇಳಿಸಿದ್ದು ನಮ್ಮೂರ ಹತ್ತಿರವೇ ಅಂತ ಅವರಿಗೇ ಪಾಠ ಹೇಳಿದ. ಆಮೇಲೆ ಅವರು ಡ್ರಾಯರಿನಿಂದ ಒಂದು ಗಿರಗಿಟ್ಲೆ ತೆಗೆದರು. ಜಾತ್ರೆಯಲ್ಲಿ ಮಾರುವಂಥದ್ದೇ, ಬಣ್ಣದ ಕಾಗದದ್ದು. "ಇದು ನಿಲ್ಲದ ಹಾಗೆ ಮೂರು ನಿಮಿಷ ಊದಬೇಕು, ನಿನ್ನ ಕೈಲಾಗುತ್ತಾ?" ಕೈಲಾಗಲ್ಲ ಅನ್ನುವ ಹುಡುಗನೇ? ಶುರು ಮಾಡಿದ. ಊದಿದ, ಊದಿದ. ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿಯುತ್ತೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಆಗ ಅಲ್ಲೇ ಬಂದುಬಿಡುತ್ತೆ ಅಂತ ಆಮೇಲೆ ಡಾಕ್ಟರು ವಿವರಿಸಿದರು. ಆಗ ನಮಗೆ ಅದೇನೂ ಗೊತ್ತಿಲ್ಲ. ನಾನೂ ತಂಗಿಯೂ ಗಿರಗಿಟ್ಲೆಯನ್ನೇ ನೋಡುತ್ತಿದ್ದೆವು. ಎರಡು ನಿಮಿಷ ಆಗಿರಬೇಕು. ತಿರುಗುತ್ತಿದ್ದದ್ದು ನಿಧಾನವಾಯಿತು. ನಿಂತಿತು. ಹಿಡಿದ ಕೈ ಹಾಗೇ ಇತ್ತು. ಕಣ್ಣು ತೆರೆದೇ ಇತ್ತು. ಪಕ್ಕದ ಪರದೆಯ ಮೇಲೆ ಅಲ್ಲಿಯವರೆಗೆ ಹರಿಯುತ್ತಿದ್ದ ಸಣ್ಣ ಗೆರೆಗಳೆಲ್ಲ ಒಮ್ಮೆಲೇ ಎದ್ದು ನಿಂತವು. ಎಲ್ಲ ಗೆರೆಯಲ್ಲೂ ಒಂದೇ ತಾಳ, ಮೊನೆ, ಅಲೆ, ಮೊನೆ, ಅಲೆ, ಸೆಕೆಂಡಿಗೆ ಮೂರು. ಟೆಕ್ನಿಷಿಯನ್ ಮೆತ್ತಗೆ, "ಆನೆ" ಅಂದರು. ಹುಡುಗ ಮಾತಾಡಲಿಲ್ಲ. ಹನ್ನೆರಡು ಸೆಕೆಂಡು. ಗೆರೆಗಳು ಇದ್ದಕ್ಕಿದ್ದ ಹಾಗೆ ಸಣ್ಣಗಾದವು, ಗಿರಗಿಟ್ಲೆ ತಿರುಗಿತು. "ನಾನೀಗ ಏನಂದೆ ಹೇಳು" ಅಂದರು. "ಊದು ಅಂದ್ರಿ" ಅಂದ.

ತಂಗಿ ನನ್ನ ಕೈ ಹಿಡಿದುಕೊಂಡಳು. ಹೊಡೆದ ಕೈ ಅದೇ.

ಸೆಕೆಂಡಿಗೆ ಮೂರರ ಈ ತಾಳವನ್ನು ಬಾಸ್ಟನ್ನಿನ ಡಾಕ್ಟರುಗಳು 1935ರಲ್ಲೇ ಬರೆದಿಟ್ಟಿದ್ದಾರಂತೆ. ಇದನ್ನು ಗುರುತಿಸೋಕೆ ಯಂತ್ರವೇ ಬೇಕಿಲ್ಲ, ನನ್ನಂಥವಳಿಗೂ ಕಂಡಿತು. ಯಂತ್ರಕ್ಕಂತೂ ಇದು ನೀರು ಕುಡಿದಷ್ಟು ಸುಲಭ. ಆದರೆ ಮೊದಲ ಸೆಂಟರಿನ ಆ ರಿಪೋರ್ಟನ್ನು ಎಷ್ಟೇ ಜಾಣ ಯಂತ್ರಕ್ಕೆ ಕೊಟ್ಟರೂ ಅದೂ ನಾರ್ಮಲ್ ಅಂತಲೇ ಹೇಳುತ್ತಿತ್ತು, ಹಾಗೆ ಹೇಳಿದ್ದರೆ ಅದು ತಪ್ಪೂ ಆಗುತ್ತಿರಲಿಲ್ಲ. ರಾಶಿಯಲ್ಲಿ ಇಲ್ಲದ ಕಲ್ಲನ್ನು ಜರಡಿ ಎಲ್ಲಿಂದ ತರಬೇಕು? ತಾಲ್ಲೂಕು ಆಸ್ಪತ್ರೆಗೆ ಇಂಥ ಯಂತ್ರ ಬರಲಿ ಅಂತ ಯಾರಾದರೂ ಅರ್ಜಿ ಕೊಟ್ಟರೆ ನಾನೂ ಸಹಿ ಹಾಕ್ತೀನಿ. ಅದರ ಜೊತೆ ಮಗುವನ್ನು ಸಮಾಧಾನ ಮಾಡಿ ಮಲಗಿಸುವ ಒಬ್ಬರು, ಹೋಗದಿರುವ ಕರೆಂಟು, ಒಂದು ಗಿರಗಿಟ್ಲೆ ಇಷ್ಟನ್ನೂ ಅರ್ಜಿಯಲ್ಲಿ ಸೇರಿಸಿ ಅಂತೀನಿ. 91% ಅಂದರೆ ನೂರಕ್ಕೆ ಒಂಬತ್ತು ಜನರ ಉತ್ತರ ತಪ್ಪು. ಆ ಒಂಬತ್ತರಲ್ಲಿ ಸುಮ್ಮನೆ ತಲೆಸುತ್ತಿ ಬಿದ್ದ ಹುಡುಗಿಯೊಬ್ಬಳಿಗೆ ಮೂರ್ಛೆರೋಗದ ಪಟ್ಟ ಕಟ್ಟಿ ವರ್ಷಗಟ್ಟಲೆ ಮಾತ್ರೆ ನುಂಗಿಸೋದೂ ಇರಬಹುದು. ಕೊನೆಯ ಮಾತು ರೋಗಿಯ ಕತೆ ಕೇಳಿದ ಡಾಕ್ಟರದ್ದೇ ಆಗಿರಬೇಕು.

ಇದು ಹಳ್ಳಿಯವರಿಗೆ ಯಾಕೆ ಮುಖ್ಯ ಅಂದರೆ, ನಿಮ್ಹಾನ್ಸಿನ ಡಾ. ಎಂ. ಗೌರಿದೇವಿ ಮತ್ತವರ ಜೊತೆಯವರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದಾಗ, ಪೇಟೆಯಲ್ಲಿ ಸಾವಿರಕ್ಕೆ 5.7 ಜನರಿಗೆ, ಹಳ್ಳಿಯಲ್ಲಿ 11.9 ಜನರಿಗೆ ಮೂರ್ಛೆರೋಗ ಕಂಡಿತ್ತು. 2004ರಲ್ಲಿ ಪ್ರಕಟವಾದ ಲೆಕ್ಕ. ಹಳ್ಳಿಯಲ್ಲಿ ಎರಡರಷ್ಟು! ಡಾಕ್ಟರಿರುವುದು ಮಾತ್ರ ಪೇಟೆಯಲ್ಲಿ. ಅದಕ್ಕೂ ಮುಂಚೆ ಡಾ. ಕೆ. ಎಸ್. ಮಣಿ ಅವರು ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ, ದುಬಾರಿ ಔಷಧಿ ಬೇಕಿಲ್ಲ, ಹಳೆಯ ಅಗ್ಗದ ಮಾತ್ರೆಗಳನ್ನೇ ತಪ್ಪದೆ ಕೊಟ್ಟರೂ ಎಷ್ಟೋ ಜನರ ಫಿಟ್ಸ್ ಹತೋಟಿಗೆ ಬರುತ್ತೆ ಅಂತ ಮಾಡಿ ತೋರಿಸಿದ್ದರು. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ ಎಪ್ಪತ್ತು ಜನ ಫಿಟ್ಸ್ ಇಲ್ಲದೆ ಬದುಕಬಹುದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

ನಮ್ಮ ಹುಡುಗ ಈಗ ಸಿರಪ್ ಕುಡೀತಾನೆ, ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಮೂರು ತಿಂಗಳಾಯಿತು, ಮಗ್ಗಿ ಎಲ್ಲೂ ನಿಂತಿಲ್ಲ. ಈ ಬಗೆಯದು ಹೆಚ್ಚಿನ ಮಕ್ಕಳಿಗೆ ದೊಡ್ಡವರಾಗ್ತಾ ಹೋಗಿಬಿಡುತ್ತೆ ಅಂದಿದ್ದಾರೆ ಡಾಕ್ಟರು. ಸಮಸ್ಯೆ ಆದದ್ದು ಮನೆಯಲ್ಲಿ. "ಯಾರ ಮುಂದೂ ಫಿಟ್ಸ್ ಅಂತ ಬಾಯಿ ಬಿಡಬೇಡಿ, ನಾಳೆ ಹುಡುಗನ ಮದುವೆ ಆಗಬೇಕು" ಅಂತ ಅಮ್ಮನ ಆಜ್ಞೆ. ಏಳು ವರ್ಷದವನ ಮದುವೆ! ನಾನು, "ಮೂರ್ಛೆರೋಗ ಇದ್ರೆ ಮದುವೆ ಊರ್ಜಿತ ಅಲ್ಲ ಅನ್ನೋ ಕಾನೂನನ್ನ 1999ರಲ್ಲೇ ತೆಗೆದುಹಾಕಿದಾರಮ್ಮ" ಅಂದೆ. "ಕಾನೂನು ಹೆಣ್ಣು ಕೊಡುತ್ತೇನೇ?" ಅಂದಳು. ಉತ್ತರ ಇರಲಿಲ್ಲ ನನ್ನ ಹತ್ತಿರ.

ಅಮ್ಮನ ಹೆದರಿಕೆಗೆ ಕಾರಣ ಇದೆ. ಅವಳ ತಂಗಿ, ನಮ್ಮ ಚಿಕ್ಕಮ್ಮ. ಹುಡುಗಿಯಾಗಿದ್ದಾಗ ವಾರದ ಎಣ್ಣೆಸ್ನಾನದ ದಿನ ಬಚ್ಚಲಲ್ಲಿ ತಲೆಗೆ ಸುಡು ಸುಡು ನೀರು ಸುರಿಯುತ್ತಿದ್ದ ಹಾಗೆ ಕಣ್ಣು ತಿರುಗಿಸಿಬಿಡುತ್ತಿದ್ದಳಂತೆ. ಬಚ್ಚಲಲ್ಲಿ ದೆವ್ವ ಇದೆ ಅಂತ ಹಂಡೆಗೆ ಬೇವಿನ ಸೊಪ್ಪು ಕಟ್ಟಿದರು, ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತರು. ದೆವ್ವ ಅಲ್ಲ ಅದು. ತಲೆಗೆ ಬಿಸಿನೀರು ಬಿದ್ದಾಗ ಬರುವ ಮೂರ್ಛೆ, ಪ್ರಪಂಚದಲ್ಲಿ ಅಪರೂಪ, ನಮ್ಮ ಕರ್ನಾಟಕದಲ್ಲಿ ಅಪರೂಪ ಅಲ್ಲ. ನಿಮ್ಹಾನ್ಸಿನ ಡಾ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂಥ 279 ಜನರ ಬಗ್ಗೆ 1988ರಲ್ಲೇ ಬರೆದಿದ್ದರು. ಎಷ್ಟೋ ಜನರಿಗೆ ನೀರು ಉಗುರು ಬೆಚ್ಚಗೆ ಮಾಡಿದರೆ ಸಾಕು. ಕೆಲವರಿಗೆ ತಲೆಸ್ನಾನದ ಮುಂಚೆ ಒಂದು ಮಾತ್ರೆ. ಚಿಕ್ಕಮ್ಮನಿಗೆ ಇದನ್ನು ಯಾರೂ ಹೇಳಲಿಲ್ಲ. ಮುಚ್ಚಿಟ್ಟು ಮದುವೆ ಮಾಡಿದರು. ನಲವತ್ತು ವರ್ಷದಿಂದ ಅವಳು ಎಂಥಾ ಚಳಿಯಲ್ಲೂ ತಣ್ಣೀರಲ್ಲೇ ತಲೆಗೆ ಹಾಕ್ಕೊಳ್ತಾಳೆ. ಬಾಣಂತನದಲ್ಲೂ. "ವ್ರತ" ಅಂತ ಹೇಳಿಕೊಂಡಿದ್ದಾಳೆ ಗಂಡನ ಮನೆಯಲ್ಲಿ.

ಜೂನ್‌ನಲ್ಲಿ ಶಾಲೆಯ ಹೊಸ ಫಾರಂ ಬಂತು. "ಮಗುವಿಗೆ ಏನಾದರೂ ಕಾಯಿಲೆ ಇದ್ದರೆ ತಿಳಿಸಿ" ಅಂತ ಒಂದು ಸಾಲು. ತಂಗಿ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದಳು. ಅಮ್ಮ ಅಡುಗೆಮನೆಯಿಂದ ನೋಡುತ್ತಿದ್ದಳು. ಆಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ಫಿಟ್ಸ್ ಇದೆ. ಔಷಧಿ ಕೊಡುತ್ತಿದ್ದೇವೆ. ಸುಮ್ಮನೆ ನಿಂತರೆ ಹೊಡೆಯಬೇಡಿ, ಹತ್ತು ಸೆಕೆಂಡು ಕಾಯಿರಿ.

ಅಮ್ಮ ಎರಡು ದಿನ ಮಾತಾಡಲಿಲ್ಲ. ಆದರೆ ಚಿಕ್ಕಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದಾಳೆ. ಮೊನ್ನೆ ಚಿಕ್ಕಮ್ಮ ನನಗೆ ಫೋನ್ ಮಾಡಿದಳು. ಮಳೆ, ಶೇಂಗಾ ಬಿತ್ತನೆ, ಸೊಸೆ, ಮಂಡಿನೋವು ಎಲ್ಲ ಆದಮೇಲೆ ದನಿ ತಗ್ಗಿಸಿ, "ಆ ಗಿರಗಿಟ್ಲೆ ಪರೀಕ್ಷೆ ವಯಸ್ಸಾದೋರಿಗೂ ಮಾಡ್ತಾರೇನೇ?" ಅಂದಳು. ಮಾಡ್ತಾರೆ ಅಂದೆ. ಬರುವ ಸೋಮವಾರಕ್ಕೆ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದೀನಿ. ಚಿಕ್ಕಪ್ಪನಿಗೆ ಕಣ್ಣಿನ ಆಸ್ಪತ್ರೆ ಅಂತ ಹೇಳಿದ್ದಾಳಂತೆ.